ಮಾರುವ ಮುನ್ನ ಮನೆ ರಿಪೇರಿ: ಸಂಕ್ರಾಂತಿಯಿಂದ ಯುಗಾದಿವರೆಗಿನ ಕೆಲಸದ ದಾಖಲೆ

ಮನೆ ಮೈಸೂರಿನ ಕುವೆಂಪುನಗರದ ಕಡೆಯದು. 30×40 ನಿವೇಶನ, ಪೂರ್ವದ ಬಾಗಿಲು, ನೆಲಮಹಡಿ ಮಾತ್ರ. ಕಟ್ಟಿದ್ದು 1990ರ ದಶಕದ ನಡುಭಾಗದಲ್ಲಿ. ಹಾಲ್, ಎರಡು ರೂಮು, ಅಡುಗೆಮನೆ, ದೇವರಮನೆ, ಬಚ್ಚಲು, ಟಾಯ್ಲೆಟ್ ಎಲ್ಲ ಸೇರಿ ಒಳಗೆ ಸುಮಾರು 800 ಚದರಡಿ. ಹಾಲ್ ಮತ್ತು ಅಡುಗೆಮನೆಗೆ ರೆಡ್ ಆಕ್ಸೈಡ್ ನೆಲ, ರೂಮುಗಳಿಗೆ ಮೊಸಾಯಿಕ್. ಎರಡು ವರ್ಷ ಬೀಗ ಬಿದ್ದಿದ್ದ ಮನೆ. ಗೋಡೆಯ ಬುಡದಲ್ಲಿ ತೇವ, ತಾರಸಿಯಲ್ಲಿ ಬಿರುಕು, ಹಳೇ ಫ್ಯೂಸ್ ಬೋರ್ಡು, ತುಕ್ಕು ಹಿಡಿದ ಕಿಟಕಿ ಸರಳು.

ಕೆಲಸ ಹಿಡಿದದ್ದು ಸಂಕ್ರಾಂತಿ ಕಳೆದ ಮೇಲೆ. ಇದಕ್ಕೆ ಎರಡು ಕಾರಣ. ಜನವರಿಯಿಂದ ಮಾರ್ಚ್‌ವರೆಗೆ ಮೈಸೂರಲ್ಲಿ ಮಳೆ ತೀರಾ ಕಡಿಮೆ, ಹಾಗಾಗಿ ಗೋಡೆ ಒಣಗುತ್ತದೆ, ತಾರಸಿಯ ಕೆಲಸ ನಿಲ್ಲುವುದಿಲ್ಲ. ಜೊತೆಗೆ, ಯುಗಾದಿಯಿಂದ ಜ್ಯೇಷ್ಠದವರೆಗೆ ಮನೆ ನೋಡಲು ಬರುವವರು ಹೆಚ್ಚು. ಆಷಾಢ ಬಂತೆಂದರೆ ಮುಂಗಡ ಕೊಡಲು ಬಹುತೇಕರು ಹಿಂದೆ ಸರಿಯುತ್ತಾರೆ. ಯುಗಾದಿಗೆ ಮನೆ ಸಿದ್ಧವಾಗಿರಬೇಕಾದರೆ ಎಂಟು ವಾರ ಬೇಕೇ ಬೇಕು, ಏಕೆಂದರೆ ಹೊಸ ಗಾರೆ ಒಣಗುವುದಕ್ಕೇ 28 ದಿನ ಹೋಗುತ್ತದೆ.

ಬಣ್ಣ ಹೊಡೆಸಿದರೆ ಮನೆ ಮಾರಿಹೋಗುತ್ತದೆ ಎಂದುಕೊಂಡವರು ಬಹಳ. ಆದರೆ ಹಳೇ ಮನೆ ಕೊಳ್ಳಲು ಬರುವವರು ಗೋಡೆಯ ನಡುಭಾಗ ನೋಡುವುದೇ ಇಲ್ಲ. ಬುಡ ನೋಡುತ್ತಾರೆ, ಮೂಲೆ ನೋಡುತ್ತಾರೆ, ಬಚ್ಚಲ ಹಿಂದಿನ ಗೋಡೆ ಮುಟ್ಟಿ ನೋಡುತ್ತಾರೆ, ತಾರಸಿ ಹತ್ತುತ್ತಾರೆ. ಹೊಸ ಬಣ್ಣದ ಕೆಳಗೆ ಒಂದೇ ಒಂದು ತೇವದ ಕಲೆ ಕಂಡರೆ, ಇವರು ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ಅನುಮಾನ ಹುಟ್ಟುತ್ತದೆ. ಆ ಅನುಮಾನಕ್ಕೆ ಬೆಲೆಯಲ್ಲಿ ತೆರಬೇಕಾಗುವ ದಂಡ ರಿಪೇರಿ ಖರ್ಚಿಗಿಂತ ದೊಡ್ಡದು. ಅದಕ್ಕೇ ಇಲ್ಲಿ ಮೊದಲು ನೀರು ಒಳಬರುವ ದಾರಿ ಮುಚ್ಚಿದ್ದು, ಬಣ್ಣ ಕೊನೆಗೆ.

ಮೊದಲ ವಾರ: ಪತ್ತೆ

ಒಂದು ಉಳಿ, ಸಣ್ಣ ಸುತ್ತಿಗೆ, ಟಾರ್ಚು, ಸೀಮೆಸುಣ್ಣ, ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ನಾಲ್ಕು, ಅಂಟುಪಟ್ಟಿ. ಪತ್ತೆ ಕೆಲಸಕ್ಕೆ ಇಷ್ಟು ಸಾಕು.

ತಾರಸಿಯನ್ನು ಗುಡಿಸಿ, ಮರದ ಕೋಲಿನಿಂದ ಅಡಿಗೊಂದು ಕಡೆ ತಟ್ಟುತ್ತಾ ಹೋಗಬೇಕು. ಗಾರೆ ಗಟ್ಟಿಯಿದ್ದಲ್ಲಿ ಗಣ್ ಎನ್ನುತ್ತದೆ, ಕೆಳಗಿನ ಕಾಂಕ್ರೀಟ್ ಮೋಲ್ಡಿನಿಂದ ಬಿಟ್ಟುಕೊಂಡಿದ್ದಲ್ಲಿ ಡಬ್ ಡಬ್ ಎನ್ನುತ್ತದೆ. ಟೊಳ್ಳು ಶಬ್ದ ಬಂದಲ್ಲೆಲ್ಲ ಸೀಮೆಸುಣ್ಣದ ಸುತ್ತು ಹಾಕಿದ್ದಾಯಿತು. ಹೀಗೆ ಐದು ಕಡೆ ಸಿಕ್ಕಿತು, ಐದರಲ್ಲಿ ಮೂರು ಪ್ಯಾರಾಪೆಟ್ ಗೋಡೆಯ ಬುಡದಲ್ಲೇ. ನೀರು ಇಳಿಯುವ ಪೈಪಿನ ಬಾಯಲ್ಲಿ ಎಲೆ, ಮಣ್ಣು ಸೇರಿ ಕೆಸರು ಗಟ್ಟಿಯಾಗಿ, ಅದರಲ್ಲಿ ಅರಳಿ ಸಸಿ ಬೇರು ಬಿಟ್ಟಿತ್ತು. ಸಸಿ ಮೇಲೆ ಒಂದು ಗೇಣು, ಬೇರು ಮಾತ್ರ ಪ್ಯಾರಾಪೆಟ್ ಇಟ್ಟಿಗೆಗಳ ಸಂದಿನಲ್ಲಿ ಎರಡಡಿ ಹೋಗಿತ್ತು. ಇದನ್ನು ಕತ್ತರಿಸಿ ಬಿಟ್ಟರೆ ಮುಂದಿನ ಮಳೆಗೆ ಇಮ್ಮಡಿಯಾಗಿ ಚಿಗುರುತ್ತದೆ. ಇಟ್ಟಿಗೆ ಬಿಡಿಸಿ, ಬೇರು ಪೂರ್ತಿ ತೆಗೆದು, ಮತ್ತೆ ಕಟ್ಟಬೇಕು. ಬೇರೆ ಉಪಾಯವಿಲ್ಲ.

ಗೋಡೆಗೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಅನುಮಾನವಿರುವ ಜಾಗದಲ್ಲಿ ಹಾಳೆಯ ನಾಲ್ಕೂ ಅಂಚನ್ನು ಗಾಳಿಯಾಡದಂತೆ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಮಂಜು ಕಂಡರೆ ಅದು ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಹೋಗುತ್ತದೆ. ಹಾಲಿನ ಉತ್ತರ ಗೋಡೆಯ ಬುಡದಲ್ಲಿ ಮತ್ತು ಬಚ್ಚಲಿಗೆ ಹೊಂದಿದ ರೂಮಿನ ಗೋಡೆಯಲ್ಲಿ ಒಳಮೈ ತುಂಬಾ ಹನಿ.

ಬಚ್ಚಲಿನ ತೇವಕ್ಕೆ ಪೈಪು ಕಾರಣವೋ ನೆಲ ಕಾರಣವೋ ಎಂದು ತಿಳಿಯದೆ ಟೈಲ್ಸ್ ಒಡೆಯಬಾರದು. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಮೇಲಿನ 1000 ಲೀಟರ್ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಬಿಟ್ಟರೆ, ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು. ಅಂದರೆ ಪೈಪು ಸರಿಯಿದೆ. ಮಾರನೇ ದಿನ ನಹಾನಿ ಟ್ರ್ಯಾಪಿನ (ಬಚ್ಚಲ ನೀರು ಹೊರಹೋಗುವ ನೆಲದ ತೂತಿನ) ಬಾಯಿ ಬಟ್ಟೆ ತುರುಕಿ ಮುಚ್ಚಿ, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ದ್ರವ ನೀಲಿ ಬೆರೆಸಿದ್ದಾಯಿತು. ಮೂರನೇ ದಿನಕ್ಕೆ ರೂಮಿನ ಗೋಡೆಯ ಬುಡದಲ್ಲಿ ನಸುನೀಲಿ ಮೂಡಿತು. ನೆಲದ ಟೈಲ್ಸ್ ಸಂದು ಮತ್ತು ಟ್ರ್ಯಾಪಿನ ಕತ್ತು, ಇವೆರಡೇ ದೋಷ. ಇಡೀ ಬಚ್ಚಲು ಒಡೆಯುವ ಕೆಲಸ ಇಷ್ಟರಿಂದ ತಪ್ಪಿತು.

ಹಾಲಿನ ಉತ್ತರ ಗೋಡೆಯ ತೇವಕ್ಕೆ ಕಾರಣ ಹೊರಗಿತ್ತು. ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ದಾಸವಾಳ, ಕರಿಬೇವು ನೆಡಲೆಂದು ವರ್ಷ ವರ್ಷ ಮಣ್ಣು ಸುರಿದು, ಮಣ್ಣಿನ ಮಟ್ಟ ಒಳಗಿನ ನೆಲಕ್ಕಿಂತ ನಾಲ್ಕಿಂಚು ಮೇಲೆ ಬಂದಿತ್ತು. ತಳಪಾಯದ ಮೇಲೆ ತೇವ ಏರದಂತೆ ಹಾಕಿರುವ ಪದರವನ್ನು ದಾಟಿ ಮಣ್ಣು ನೇರವಾಗಿ ಇಟ್ಟಿಗೆಗೆ ತಾಗಿದರೆ, ಒಳಗಡೆ ಎಂಥ ವಾಟರ್‌ಪ್ರೂಫ್ ಬಣ್ಣ ಹೊಡೆದರೂ ಅದು ಆರೇಳು ತಿಂಗಳಲ್ಲಿ ಪುಟ್ಟಿಯನ್ನೂ ಸೇರಿಸಿ ಉದುರುತ್ತದೆ.

ಇದೇ ವಾರ ಕಾಗದಪತ್ರದ ಕೆಲಸ ಶುರುವಾಗಲೇಬೇಕು, ಏಕೆಂದರೆ ಅದು ಗಾರೆಗಿಂತ ನಿಧಾನ. ನಗರದ ಸ್ವತ್ತಿಗೆ ಇ-ಖಾತೆ ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲ. ಖಾತೆ ತೀರಿಕೊಂಡವರ ಹೆಸರಲ್ಲೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ವಂಶವೃಕ್ಷ, ಮರಣಪತ್ರ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲಿ ತೆಗೆಯಬಹುದು. ನಿವೇಶನದ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ, ಮಂಜೂರಾದ ನಕ್ಷೆ, ಈ ಸಾಲಿನ ಕಂದಾಯ ರಸೀದಿ, ಸೆಸ್ಕ್ ವಿದ್ಯುತ್ ಬಿಲ್ಲು, ವಾಣಿವಿಲಾಸದ ನೀರಿನ ಬಿಲ್ಲು ಎಲ್ಲ ಒಂದೇ ಫೈಲಿನಲ್ಲಿ ಇರಲಿ. ನಕ್ಷೆಯಲ್ಲಿ ಇಲ್ಲದ ಶೀಟಿನ ರೂಮು ತಾರಸಿ ಮೇಲಿದ್ದರೆ, ಕೊಳ್ಳುವವರ ವಕೀಲರು ಕೇಳುವ ಮೊದಲೇ ಅದನ್ನು ಇಳಿಸುವುದು ಒಳ್ಳೆಯದು.

ಎರಡನೇ ವಾರ: ಒಡೆಯುವುದು, ಅಗೆಯುವುದು

ಓಣಿಯ ಮಣ್ಣನ್ನು ಒಳನೆಲದ ಮಟ್ಟದಿಂದ ಒಂದೂವರೆ ಅಡಿ ಕೆಳಗಿನವರೆಗೆ ತೆಗೆದದ್ದಾಯಿತು. ಗಿಡಗಳು ಕುಂಡಕ್ಕೆ ಹೋದವು. ತೆರೆದ ಗೋಡೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಾಲ್ಕು ದಿನ ಬಿಸಿಲಿಗೆ ಬಿಟ್ಟು, ಹೊರಮೈಗೆ ವಾಟರ್‌ಪ್ರೂಫ್ ಗಾರೆ ಮಾಡಿ, ಓಣಿಗೆ ಕಾಂಕ್ರೀಟ್ ಹಾಸು ಹಾಕಿತು ಮೇಸ್ತ್ರಿಯ ತಂಡ. ಹಾಸಿನ ಇಳಿಜಾರು ಗೋಡೆಯಿಂದ ಆಚೆಗೆ, 50ಕ್ಕೆ 1. ಮೂರಡಿ ಅಗಲದ ಓಣಿಗೆ ಮುಕ್ಕಾಲು ಇಂಚು ಇಳಿಜಾರು. ಕಣ್ಣಂದಾಜಿಗೆ ಬಿಡದೆ ರಸಮಟ್ಟ ಇಟ್ಟೇ ನೋಡಿ.

ಒಳಗಡೆ ತೇವ ಏರಿದ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕೀಳಬೇಕು. ತೇವ ಮೂರಡಿವರೆಗೆ ಕಂಡರೆ ನಾಲ್ಕಡಿ ಕೀಳಿ. ಹಾಲಿನಲ್ಲಿ 16 ಅಡಿ ಉದ್ದ, ರೂಮಿನಲ್ಲಿ 10 ಅಡಿ ಉದ್ದ, ಎರಡೂ ನಾಲ್ಕಡಿ ಎತ್ತರ, ಒಟ್ಟು 104 ಚದರಡಿ. ಉಪ್ಪು ಬಿಟ್ಟ ಹಳೇ ಗಾರೆಯ ಚೂರುಗಳನ್ನು ಅಂದೇ ಹೊರಗೆ ಸಾಗಿಸಿ. ಅದೇ ಪುಡಿಯನ್ನು ಜರಡಿ ಹಿಡಿದು ಹೊಸ ಗಾರೆಗೆ ಬೆರೆಸುವ ಅಭ್ಯಾಸ ಕೆಲವು ಕಡೆ ಇದೆ, ಹಾಗೆ ಮಾಡಿದರೆ ಉಪ್ಪು ಮತ್ತೆ ಗೋಡೆ ಸೇರುತ್ತದೆ. ಇಟ್ಟಿಗೆಯ ಸಂದುಗಳನ್ನು ಅರ್ಧ ಇಂಚು ಕೆದಕಿ, ಒಣ ಬ್ರಷ್ ಹೊಡೆದು, ಫ್ಯಾನ್ ಇಟ್ಟು ಹತ್ತು ದಿನ ಬಿಟ್ಟದ್ದಾಯಿತು. ಬಿಳಿ ಉಪ್ಪು ಮತ್ತೆ ಮೂಡಿದಾಗೆಲ್ಲ ಒಣ ಬ್ರಷ್. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಒಳಕ್ಕೆ ಹೋಗಿ ಕೂರುತ್ತದೆ.

ವೈರಿಂಗಿಗೆ ಗೋಡೆ ಕೊರೆಯುವುದಿದ್ದರೆ ಈಗಲೇ. ಗಾರೆ, ಪುಟ್ಟಿ ಆದ ಮೇಲೆ ಎಲೆಕ್ಟ್ರಿಷಿಯನ್ ಬಂದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ಹಳೇ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸುಗಳಿದ್ದವು, ಒಂದಕ್ಕೆ ಫ್ಯೂಸ್ ತಂತಿಯ ಬದಲು ತಾಮ್ರದ ದಪ್ಪ ತಂತಿ ಸುತ್ತಿತ್ತು. ಅದನ್ನು ತೆಗೆದು ಲೋಹದ ಡಿ.ಬಿ. ಪೆಟ್ಟಿಗೆ (ಸ್ವಿಚ್ಚುಗಳನ್ನು ಕೂರಿಸುವ ಡಿಸ್ಟ್ರಿಬ್ಯೂಷನ್ ಬೋರ್ಡು), 40 ಆಂಪಿಯರ್ 30 ಮಿಲಿಆಂಪಿಯರ್‌ನ ಒಂದು ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು), ಲೈಟು-ಫ್ಯಾನಿಗೆ 10 ಆಂಪಿಯರ್ ಎಂ.ಸಿ.ಬಿ. (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚು) ಎರಡು, ಅಡುಗೆಮನೆಯ ದೊಡ್ಡ ಸಾಕೆಟ್ಟಿಗೂ ಗೀಸರ್‌ಗೂ 16 ಆಂಪಿಯರಿನ ಬೇರೆ ಬೇರೆ ಎಂ.ಸಿ.ಬಿ. ಹಾಕಿಸಿದ್ದಾಯಿತು. ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5 ಚದರ ಮಿ.ಮೀ. ತಾಮ್ರದ ವೈರು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕಾದ ಕೆಲಸ ಇದು.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ, ಗೇಟಿನ ಲೈಟು ಉರಿಸಿದ ತಕ್ಷಣ ಆರ್.ಸಿ.ಸಿ.ಬಿ. ಕೆಳಗೆ ಬೀಳುತ್ತಿತ್ತು. ಹಳೇ ಮನೆಗಳಲ್ಲಿ ಇದು ಪದೇ ಪದೇ ಕಾಣುವ ದೋಷ. ಗೇಟಿನವರೆಗೆ ನ್ಯೂಟ್ರಲ್ ಎಳೆಯುವ ಶ್ರಮ ಉಳಿಸಲು ಯಾರೋ ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿಬಿಟ್ಟಿರುತ್ತಾರೆ. ಫ್ಯೂಸ್ ಇದ್ದಾಗ ಅದು ಗೊತ್ತಾಗುವುದಿಲ್ಲ. ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ ಭೂಮಿಗೆ ಹೋಗುವುದನ್ನು ಆರ್.ಸಿ.ಸಿ.ಬಿ. ಸೋರಿಕೆ ಎಂದೇ ಲೆಕ್ಕ ಹಾಕುತ್ತದೆ, ಹಾಕಲೇಬೇಕು. ಇಂಥ ಸಮಯದಲ್ಲಿ ಆರ್.ಸಿ.ಸಿ.ಬಿ. ಕೆಟ್ಟಿದೆ ಎಂದು ಅದನ್ನೇ ತೆಗೆಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವದ ಪ್ರಶ್ನೆ. ಗೇಟಿಗೆ ಹೊಸ ನ್ಯೂಟ್ರಲ್ ಎಳೆದ ಮೇಲೆ ಬೀಳುವುದು ನಿಂತಿತು. ಅರ್ಥಿಂಗ್ ಅಳೆಸಿದರೆ 5 ಓಮ್‌ಗಿಂತ ಕಡಿಮೆ ಇರಬೇಕು. ಆ ಅಳತೆಯ ಚೀಟಿಯನ್ನೂ ಫೈಲಿಗೆ ಸೇರಿಸಿ.

ಮೂರನೇ ವಾರ: ತಾರಸಿ

ಟೊಳ್ಳಾದ ಗಾರೆಯನ್ನು ಗಟ್ಟಿ ಅಂಚು ಸಿಗುವವರೆಗೆ ಕೆತ್ತಿ ತೆಗೆದು, ಬಿರುಕುಗಳನ್ನು ಇಂಗ್ಲಿಷ್‌ನ ವಿ ಆಕಾರಕ್ಕೆ 10 ಮಿ.ಮೀ. ಆಳ ಬಿಡಿಸಬೇಕು. ಕೂದಲೆಳೆ ಬಿರುಕಿನ ಮೇಲೆ ಹಾಗೇ ಸವರಿದ ಸಿಮೆಂಟು ಒಳಗೆ ಇಳಿಯುವುದೇ ಇಲ್ಲ. ಬಿಡಿಸಿದ ಜಾಗವನ್ನು ನೀರು ಚಿಮುಕಿಸಿ ನೆನೆಸಿ, 1 ಪಾಲು ಲೇಟೆಕ್ಸ್ (ಸಿಮೆಂಟಿಗೆ ಬೆರೆಸುವ ಅಂಟುದ್ರವ), 1 ಪಾಲು ನೀರು, 3 ಪಾಲು ಸಿಮೆಂಟಿನ ಅಂಟುಗಂಜಿ ಬಳಿದು, ಅದು ಹಸಿಯಾಗಿರುವಾಗಲೇ ಗಾರೆ ತುಂಬಿ. ಇಲ್ಲೇ ಹೆಚ್ಚು ಕೆಲಸಗಾರರು ಎಡವುವುದು. ಇಡೀ ತಾರಸಿಗೆ ಒಮ್ಮೆಲೇ ಗಂಜಿ ಬಳಿದು, ಟೀ ಕುಡಿದು ಬಂದು ಗಾರೆ ಹಾಕುತ್ತಾರೆ. ಒಣಗಿದ ಗಂಜಿ ಅಂಟು ಆಗುವುದಿಲ್ಲ, ಎರಡು ಪದರವನ್ನು ಬೇರೆ ಮಾಡುವ ಪೊರೆ ಆಗುತ್ತದೆ. ಕೈಯಳತೆಯ ಜಾಗಕ್ಕೆ ಬಳಿಯಿರಿ, ತುಂಬಿರಿ, ಮುಂದಕ್ಕೆ ಹೋಗಿ.

ಪ್ಯಾರಾಪೆಟ್ ಬುಡಕ್ಕೆ ಸುತ್ತಲೂ ಗೋಲಾ ಹೊಡೆಸಬೇಕು. ಗೋಡೆಯೂ ತಾರಸಿಯೂ ಕೂಡುವ ಮೂಲೆಯನ್ನು ಎರಡಿಂಚಿನ ಗಾರೆಯಿಂದ ದುಂಡಗೆ ಮಾಡುವುದೇ ಗೋಲಾ. ಇಲ್ಲಿ ಸುತ್ತಳತೆ 122 ಅಡಿ. ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗುವಾಗ ಮೊದಲು ಬಿರಿಯುವುದು ಈ ಚೂಪು ಮೂಲೆ. ಗೋಲಾ ಇಲ್ಲದ ತಾರಸಿಗೆ ಎಷ್ಟೇ ದುಬಾರಿ ಕೋಟ್ ಹೊಡೆದರೂ ಮೂಲೆಯಲ್ಲಿ ಹರಿಯುತ್ತದೆ. ಗೋಲಾಕ್ಕೂ ಒಳಗಿನ ಗೋಡೆಗಳ ಗಾರೆಗೂ ಸೇರಿ 3 ಚೀಲ ಸಿಮೆಂಟು, ಪ್ಲಾಸ್ಟರಿಂಗ್‌ನ ಎಂ-ಸ್ಯಾಂಡ್ ಸುಮಾರು 15 ಘನ ಅಡಿ ಹಿಡಿಯಿತು. ಮಿಶ್ರಣ 1:4, ಚೀಲಕ್ಕೆ 200 ಮಿ.ಲೀ. ವಾಟರ್‌ಪ್ರೂಫ್ ದ್ರಾವಣ, ಏಳು ದಿನ ನೀರುಣಿಸುವುದು.

ಸಜ್ಜೆಗಳ ಅಡಿಭಾಗದಲ್ಲಿ ಎರಡು ಕಡೆ ಕಾಂಕ್ರೀಟ್ ಉದುರಿ ಸರಳು ಕಾಣುತ್ತಿತ್ತು. ಸರಳಿನ ಹಿಂದಕ್ಕೂ ಬೆರಳು ಹೋಗುವಷ್ಟು ಕೆತ್ತಿ, ತುಕ್ಕನ್ನು ಹೊಳೆಯುವವರೆಗೆ ಉಜ್ಜಿ, ತುಕ್ಕುನಿರೋಧಕ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆಯನ್ನು ಅರ್ಧರ್ಧ ಇಂಚಿನ ಪದರಗಳಲ್ಲಿ ತುಂಬಿದ್ದಾಯಿತು. ಸರಳಿನ ದಪ್ಪದಲ್ಲಿ ಕಾಲು ಭಾಗ ತುಕ್ಕು ತಿಂದಿದ್ದರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಬೇಕು.

ಆಮೇಲೆ ಅಕ್ರಿಲಿಕ್ ಕೋಟ್. ಸುಮಾರು 920 ಚದರಡಿ ತಾರಸಿಗೆ 20 ಲೀಟರಿನ ಮೂರು ಡಬ್ಬ ಹಿಡಿಯಿತು. ಹೊಸ ನುಣುಪು ಮೈಗೆ ಲೆಕ್ಕ ಹಾಕಿದ ಡಬ್ಬದ ಮೇಲಿನ ಅಂಕಿ ಹಳೇ ಒರಟು ಗಾರೆಗೆ ಹೊಂದುವುದಿಲ್ಲ, ಕಾಲು ಭಾಗ ಹೆಚ್ಚು ಇಟ್ಟುಕೊಳ್ಳಿ. ಮೊದಲ ಬಳಿತ ಸಮಪಾಲು ನೀರು ಬೆರೆಸಿ. ಗೋಲಾದ ಮೇಲೂ ಬಿರುಕುಗಳ ಮೇಲೂ ಆರಿಂಚು ಅಗಲದ ಫೈಬರ್ ಜಾಲರಿ ಪಟ್ಟಿಯನ್ನು ಹಸಿ ಕೋಟಿನಲ್ಲಿ ಒತ್ತಿ ಕೂರಿಸಿ. ನಂತರ ಎರಡು ಕೋಟ್, ಒಂದು ಪೂರ್ವ-ಪಶ್ಚಿಮ, ಇನ್ನೊಂದು ಉತ್ತರ-ದಕ್ಷಿಣ, ನಡುವೆ ಕನಿಷ್ಠ 6 ಗಂಟೆ. ಬೆಳಿಗ್ಗೆ 10ರೊಳಗೆ ಅಥವಾ ಸಂಜೆ 4ರ ಮೇಲೆ. ಮಧ್ಯಾಹ್ನದ ಬಿಸಿಲಲ್ಲಿ ಮೇಲ್ಮೈ ಬೇಗ ಕೆನೆಗಟ್ಟಿ, ಅಡಿಯ ತೇವ ಹೊರಬರಲಾಗದೆ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಆ ಗುಳ್ಳೆಗಳೇ ಒಡೆಯುವುದು.

ಏಳು ದಿನ ಬಿಟ್ಟು ನೀರು ನಿಲ್ಲಿಸಿದ್ದು. ಪೈಪಿನ ಬಾಯಿ ಕಟ್ಟಿ, ನಡುವೆ ಮಣ್ಣಿನ ಏರಿ ಹಾಕಿ, ಒಮ್ಮೆಗೆ ಅರ್ಧ ತಾರಸಿ, ಎರಡಿಂಚು ನೀರು, 48 ಗಂಟೆ. ಇಡೀ ತಾರಸಿಗೆ ಹತ್ತಿರ ಹತ್ತಿರ 4300 ಲೀಟರ್ ಬೇಕಾಯಿತು, ಸಂಪು ಬರಿದಾಯಿತು. ಬರಿದಾದ ಸಂಪನ್ನು ಅಂದೇ ತೊಳೆಸುವುದು ಜಾಣತನ. ಆದರೆ ಮುಚ್ಚಳ ತೆಗೆದ ಕೂಡಲೇ ಯಾರನ್ನೂ ಇಳಿಸಬೇಡಿ. ಕೆಲವು ಗಂಟೆ ಗಾಳಿಯಾಡಲಿ, ಇಳಿಯುವವರಿಗೆ ಮೇಲೆ ಒಬ್ಬರು ಕಾವಲಿರಲಿ. ಉಜ್ಜಿ ತೊಳೆದ ಮೇಲೆ ಸಂಪು ತುಂಬಿಸಿ, 1000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಒಂದು ರಾತ್ರಿ ಬಿಟ್ಟು ಚೆಲ್ಲಿ. ಆ ನೀರು ಕುಡಿಯಲು ಅಲ್ಲ.

ನಾಲ್ಕು, ಐದನೇ ವಾರ: ಬಚ್ಚಲು, ಅಡುಗೆಮನೆ, ಮರ, ಕಬ್ಬಿಣ

ಬಚ್ಚಲಲ್ಲಿ ಟ್ರ್ಯಾಪಿನ ಸುತ್ತ ಎರಡಡಿ ಚೌಕ ಮಾತ್ರ ಒಡೆದದ್ದು. ಹೊಸ ಪಿ.ವಿ.ಸಿ. ನಹಾನಿ ಟ್ರ್ಯಾಪ್ ಕೂರಿಸಿ, ಕತ್ತಿನ ಸುತ್ತ ಪಾಲಿಮರ್ ಕೋಟಿಂಗ್ ಎರಡು ಸಲ ಬಳಿದು, 24 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆ ಟೈಲ್ಸ್. ಮೂವತ್ತು ವರ್ಷದ ಹಿಂದಿನ ಟೈಲ್ಸ್‌ಗೆ ಜೋಡಿ ಸಿಗುವುದಿಲ್ಲ. ಹತ್ತಿರದ ಬಣ್ಣ ಹುಡುಕಿ ಹಾಕಿದರೆ ತೇಪೆ ಎದ್ದು ಕಾಣುತ್ತದೆ. ಅದಕ್ಕಿಂತ ಟ್ರ್ಯಾಪಿನ ಸುತ್ತ ನಾಲ್ಕು ಕಡುಬೂದು ಟೈಲ್ಸ್ ಹಾಕಿದರೆ ಬೇಕೆಂದೇ ಮಾಡಿದ ವಿನ್ಯಾಸದಂತೆ ಕೂರುತ್ತದೆ. ಉಳಿದ ನೆಲದ ಸಂದುಗಳ ಹಳೇ ಸಿಮೆಂಟನ್ನು 3 ಮಿ.ಮೀ. ಆಳ ಕೆದಕಿ ಎಪಾಕ್ಸಿ ತುಂಬಿದ್ದಾಯಿತು. ಎಪಾಕ್ಸಿಯ ಎರಡು ಭಾಗ ಬೆರೆಸಿದ ಮೇಲೆ ಕೈಯಲ್ಲಿ ಉಳಿಯುವ ಹೊತ್ತು ಅರ್ಧ ಗಂಟೆಯ ಆಸುಪಾಸು, ಸೆಕೆಗಾಲದಲ್ಲಿ ಇನ್ನೂ ಕಡಿಮೆ. ಸ್ವಲ್ಪ ಸ್ವಲ್ಪವೇ ಬೆರೆಸಿ, ಟೈಲ್ಸ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸಿ. ಮಾರನೇ ದಿನ ಅದು ಉಳಿಗೂ ಬಗ್ಗುವುದಿಲ್ಲ.

ಅಡುಗೆಮನೆಗೆ ಹೊಸ ಮಾಡ್ಯುಲರ್ ಕಿಚನ್ ಬೇಡ. ಕೊಳ್ಳುವವರು ಅದನ್ನು ತಮ್ಮ ರುಚಿಗೆ ತಕ್ಕಂತೆ ಮಾಡಿಸಿಕೊಳ್ಳುತ್ತಾರೆ, ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಕಡಪ ಕಲ್ಲಿನ ಕಟ್ಟೆಯ ಅಂಚಿನ ಸಂದು ತುಂಬಿಸಿ, ಸಿಂಕಿನ ಕೆಳಗಿನ ಪೈಪು ಬದಲಿಸಿ, ಎಣ್ಣೆ ಜಿಡ್ಡು ತೆಗೆದರೆ ಸಾಕು. ಜಿಡ್ಡಿಗೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ವಾಷಿಂಗ್ ಸೋಡಾ, ಕೈಗವಸು ಹಾಕಿ ಉಜ್ಜಿ, ಎರಡು ಸಲ ಬರೀ ನೀರಿನಿಂದ ಒರೆಸುವುದು. ಒಗ್ಗರಣೆ ಹೊಗೆ ಕೂತ ಗೋಡೆಯ ಮೇಲೆ ನೇರ ಬಣ್ಣ ಹೊಡೆದರೆ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ.

ಮುಂಬಾಗಿಲು ತೇಗದ್ದು, ಹಳೇ ವಾರ್ನಿಷ್ ಕಪ್ಪಾಗಿತ್ತು. 80, 120, 220 ನಂಬರಿನ ಎಮರಿ ಕಾಗದ ಇದೇ ಕ್ರಮದಲ್ಲಿ, ಯಾವಾಗಲೂ ಮರದ ಎಳೆಯ ದಿಕ್ಕಿಗೆ. ಅಡ್ಡ ಉಜ್ಜಿದ ಗೀರು ಪಾಲಿಷ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಹೊರಮೈಗೆ ಬಿಸಿಲು ತಡೆಯುವ ಪಿ.ಯು. (ಪಾಲಿಯುರೆಥೇನ್) ಪಾಲಿಷ್, ಮೂರು ಕೈ. ಹಿಂಜುಗಳಿಗೆ ಗ್ರೀಸ್, ಚಿಲಕದ ಸ್ಕ್ರೂ ಬಿಗಿ. ಕಿರುಗುಟ್ಟುವ ಬಾಗಿಲು, ಎತ್ತಿ ಹಾಕಬೇಕಾದ ಚಿಲಕ, ಇಂಥ ಸಣ್ಣ ತೊಂದರೆಗಳು ಬಂದವರ ಕೈಗೆ ನೇರವಾಗಿ ಸಿಗುತ್ತವೆ. ಒಳಗಿನ ಒಂದು ಬಾಗಿಲುವಾಡದಲ್ಲಿ ಗೆದ್ದಲಿನ ಮಣ್ಣುಗೆರೆ ಇತ್ತು. ಗೆರೆ ಒರೆಸಿದರೆ ಗೆದ್ದಲು ಹೋದಂತಲ್ಲ, ಗೋಡೆ-ನೆಲ ಕೂಡುವಲ್ಲಿ ಅಡಿಗೊಂದರಂತೆ ಅರ್ಧ ಇಂಚಿನ ತೂತು ಹೊಡೆದು ಔಷಧಿ ಇಳಿಸಬೇಕು. ಅದಕ್ಕೆ ಪರವಾನಗಿ ಇರುವವರನ್ನೇ ಕರೆಸಿ, ಅವರ ಗ್ಯಾರಂಟಿ ಪತ್ರ ಫೈಲಿಗೆ ಹೋಗಲಿ.

ಕಿಟಕಿ ಸರಳು, ಗೇಟು: ತಂತಿ ಬ್ರಷ್, ತುಕ್ಕುನಿರೋಧಕ ಪ್ರೈಮರ್ ಒಂದು ಕೈ, ಎನಾಮಲ್ ಎರಡು ಕೈ.

ಆರು, ಏಳನೇ ವಾರ: ನೆಲ ಮತ್ತು ಬಣ್ಣ

ಮೊಸಾಯಿಕ್ ಕಟಿಂಗ್, ಅಂದರೆ ನೆಲವನ್ನು ಯಂತ್ರದ ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು, ಬಣ್ಣಕ್ಕಿಂತ ಮೊದಲು ಆಗಬೇಕು. ಯಂತ್ರ ತಿರುಗುವಾಗ ಕೆಸರುನೀರು ಗೋಡೆಗೆ ಒಂದಡಿವರೆಗೆ ಹಾರುತ್ತದೆ. 60, 120, 220, 400 ನಂಬರಿನ ಕಲ್ಲು, 120 ಆದ ಮೇಲೆ ಸೂಜಿತೂತುಗಳಿಗೆ ಬಿಳಿ ಸಿಮೆಂಟಿನ ಗಂಜಿ ತುಂಬಿ ಮೂರು ದಿನ ಬಿಡುವುದು. ಗಂಜಿ ತುಂಬದೆ ಮುಗಿಸಿದರೆ ತೂತುಗಳಲ್ಲಿ ಮಣ್ಣು ಕೂತು ಎರಡೇ ತಿಂಗಳಲ್ಲಿ ನೆಲ ಮಂಕಾಗುತ್ತದೆ. ಕೊನೆಯ ಹೊಳಪು ಬಣ್ಣದ ಕೆಲಸ ಮುಗಿದ ಮೇಲೆ.

ರೆಡ್ ಆಕ್ಸೈಡ್ ನೆಲಕ್ಕೆ ಯಂತ್ರ ತಾಗಿಸಲೇಬೇಡಿ. ಆ ಕೆಂಪು ಪದರ ಇರುವುದೇ ಕೆಲವು ಮಿ.ಮೀ. ದಪ್ಪ, ಕಟಿಂಗ್ ಮಾಡಿದರೆ ಬೂದು ಗಾರೆ ಹೊರಬರುತ್ತದೆ. ಆಸಿಡ್ ಕೂಡ ಬೇಡ, ಅದು ಸಿಮೆಂಟನ್ನೇ ತಿನ್ನುತ್ತದೆ. ಹಾಲಿನ ನಡುವೆ ಹಳೇ ಒನಕೆ ಬಿದ್ದಂತೆ ಅಂಗೈಯಗಲ ಮೂರು ಗುಂಡಿಗಳಿದ್ದವು. ಬಣ್ಣ ಹೊಂದಿಸಲು, ತಲಾ 1 ಕಿಲೋ ಸಿಮೆಂಟಿಗೆ 100, 150, 200 ಗ್ರಾಂ ಆಕ್ಸೈಡ್ ಒಣಗಿದ್ದಾಗಲೇ ಬೆರೆಸಿ, ಮೂರು ಸಲ ಜರಡಿ ಹಿಡಿದು, ಮೂರು ಬಿಲ್ಲೆ ಮಾಡಿ ಒಣಗಿಸಿದ್ದಾಯಿತು. ಹಸಿಯಲ್ಲಿ ಮೂರೂ ಒಂದೇ ಕಡುಗೆಂಪು. ನಾಲ್ಕನೇ ದಿನ ಒಣಗಿದಾಗ 100ರದ್ದು ಇಟ್ಟಿಗೆ ಬಣ್ಣ, 200ರದ್ದು ಕುಂಕುಮದಷ್ಟು ಗಾಢ. 150 ಹೊಂದಿತು. ಗುಂಡಿಯ ಅಂಚನ್ನು ಒಳಕ್ಕೆ ಓರೆಯಾಗಿ ಕೆತ್ತಿ, ತುಂಬಿ, ನುಣುಪು ಕರಣೆಯಿಂದ ಒತ್ತಿ ಉಜ್ಜಿ, ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ. ಆಮೇಲೆ ಮೇಣದ ಪಾಲಿಷ್ ಎರಡು ಕೈ. ಕೊಬ್ಬರಿ ಎಣ್ಣೆ ಹಳೇ ಪದ್ಧತಿ, ದಿನಾ ಒರೆಸುವ ಮನೆಗೆ ಚೆನ್ನ. ಬೀಗ ಹಾಕಿರುವ ಮನೆಯಲ್ಲಿ ಎಣ್ಣೆಗೆ ಧೂಳು ಅಂಟಿ ನೆಲ ಜಿಗುಟಾಗುತ್ತದೆ. ಈ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಸುವ ಸಲಹೆ ಎಲ್ಲರೂ ಕೊಡುತ್ತಾರೆ. ಬೇಡ. ಚೆನ್ನಾಗಿ ಉಳಿದ ಕೆಂಪು ನೆಲ ಈಗ ಮಾಡಿಸಬೇಕೆಂದರೆ ಕೈಬಲ್ಲ ಕೆಲಸಗಾರರು ಸಿಗುವುದೇ ಕಷ್ಟ, ಅದನ್ನು ಹುಡುಕಿಕೊಂಡು ಬರುವವರಿದ್ದಾರೆ.

ಬಣ್ಣಕ್ಕೆ ಮೊದಲು ಹಳೇ ಡಿಸ್ಟೆಂಪರ್ ಕೈಗೆ ಪುಡಿ ಹತ್ತುತ್ತದೆಯೇ ನೋಡಿ. ಹತ್ತಿದರೆ ಪೂರ್ತಿ ಉಜ್ಜಿ ಪ್ರೈಮರ್ ಹೊಡೆಯದೆ ಮುಂದೆ ಹೋಗಬಾರದು, ಹೊಸ ಎಮಲ್ಷನ್ ಹಿಡಿಯುವುದು ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಹೊಸ ಗಾರೆಯ ಭಾಗಕ್ಕೆ 28 ದಿನ ಕಳೆದ ಮೇಲೆ, ಪ್ಲಾಸ್ಟಿಕ್ ಹಾಳೆ ಅಂಟಿಸಿ ಮತ್ತೊಮ್ಮೆ ನೋಡಿ, ಕ್ಷಾರ ತಡೆಯುವ ಪ್ರೈಮರ್. ಗೋಡೆ ಸುಮಾರು 2200 ಚದರಡಿ, ಎರಡು ಕೈಗೆ ಲೀಟರಿಗೆ 65 ಚದರಡಿಯ ಲೆಕ್ಕದಲ್ಲಿ 34 ಲೀಟರ್: 20, 10, 4ರ ಡಬ್ಬ ಒಂದೊಂದು. ಚಾವಣಿಗೆ ಬೇರೆ 12 ಲೀಟರ್ ಬಿಳಿ. ಪುಟ್ಟಿ ಕೆಟ್ಟ ಭಾಗಕ್ಕೆ ಮಾತ್ರ, 40 ಕಿಲೋದ ಎರಡು ಚೀಲ. ಬಣ್ಣ ಎಲ್ಲ ರೂಮಿಗೂ ಒಂದೇ, ತಿಳಿಕೆನೆ. ಕೆಂಪು ನೆಲದ ಮೇಲೆ ಅಚ್ಚಬಿಳಿ ಕಣ್ಣಿಗೆ ಚುಚ್ಚುತ್ತದೆ. ತೇವದ ಗೋಡೆಗೆ ಪಿ.ವಿ.ಸಿ. ಪ್ಯಾನಲ್, ಸೋರಿದ ಚಾವಣಿಗೆ ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚುವ ಕೆಲಸ ಮಾಡಬೇಡಿ. ತಿಳಿದವರು ಮೊದಲು ತಟ್ಟಿ ನೋಡುವುದೇ ಅದನ್ನು.

ಎಂಟನೇ ವಾರ ಮತ್ತು ಆಮೇಲೆ

ಕಿಟಕಿ ಗಾಜು ಒಳಹೊರಗೆ, ಸೊಳ್ಳೆ ಜಾಲರಿ ಬಿಚ್ಚಿ ತೊಳೆಯುವುದು, ಎಲ್ಲ ಕಡೆ ಒಂದೇ ಬಗೆಯ 4000 ಕೆಲ್ವಿನ್ ಎಲ್.ಇ.ಡಿ. ಬಲ್ಬು. ದೇವರಮನೆ ಗುಡಿಸಿ, ಹೊಸಿಲಿಗೆ ಅರಿಶಿನ. ಅಂಗಳದ ತುಳಸಿಕಟ್ಟೆ ಇದ್ದಲ್ಲೇ ಇರಲಿ. ಪೂರ್ವದ ಬಾಗಿಲಾದ್ದರಿಂದ ಫೋಟೋ ತೆಗೆಯಲೂ ಜನರನ್ನು ಕರೆಯಲೂ ಬೆಳಿಗ್ಗೆ 9ರಿಂದ 11 ಒಳ್ಳೆಯ ಹೊತ್ತು, ಹಾಲಿನೊಳಗೆ ಬೆಳಕು ಬಿದ್ದು ನೆಲ ಹೊಳೆಯುತ್ತದೆ.

ವಾರಕ್ಕೊಮ್ಮೆ ಪ್ರತಿ ಟ್ರ್ಯಾಪಿಗೆ, ಕಮೋಡಿಗೆ, ಸಿಂಕಿಗೆ ಒಂದು ಚೊಂಬು ನೀರು ಹಾಕಬೇಕು. ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ಚರಂಡಿಯ ಗಾಳಿಗೆ ತಡೆ. ಬೀಗ ಹಾಕಿದ ಮನೆಯಲ್ಲಿ ಅದು ಆವಿಯಾಗಿ ಹೋಗಿ, ಬಾಗಿಲು ತೆರೆದ ತಕ್ಷಣ ನಾತ ಬರುತ್ತದೆ. ಎಂಟು ವಾರದ ದುಡಿಮೆಯನ್ನು ಒಂದು ಚೊಂಬು ನೀರಿನ ಉದಾಸೀನ ಹಾಳು ಮಾಡಬಾರದು.

ಒಡೆದ ಗೋಡೆ, ಕಿತ್ತ ಬೇರು, ಜಾಲರಿ ಹಾಕುವಾಗಿನ ತಾರಸಿ, ನೀರು ನಿಲ್ಲಿಸಿದ ದಿನ, ಇವೆಲ್ಲದರ ತಾರೀಖು ಸಹಿತ ಫೋಟೋಗಳನ್ನು ಮುದ್ರಿಸಿ ಬಿಲ್ಲುಗಳ ಜೊತೆ ಫೈಲಿನಲ್ಲಿ ಇಟ್ಟದ್ದಾಯಿತು. ಎಲ್ಲಿ ಸೋರುತ್ತಿತ್ತು, ಏಕೆ, ಏನು ಮಾಡಲಾಯಿತು ಎಂದು ಬಂದವರಿಗೆ ತೋರಿಸಿ ಹೇಳಬೇಕು.

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಒಂದು ಗಂಟೆ ಜೋರಾಗಿ ಹೊಡೆಯಿತು. ಮಾರನೇ ಬೆಳಿಗ್ಗೆ ಹಾಲಿನ ಉತ್ತರ ಗೋಡೆಯೂ ರೂಮಿನ ಗೋಡೆಯೂ ಒಣಗಿದ್ದವು. ತಾರಸಿಯಲ್ಲಿ ನೀರಿಳಿಯುವ ಪೈಪಿನ ಬಳಿ ಮಾತ್ರ ತಟ್ಟೆಯಗಲ ನೀರು ನಿಂತಿತ್ತು. ಪೈಪಿನ ಬಾಯಿ ಸುತ್ತಲಿನ ಮಟ್ಟಕ್ಕಿಂತ ಕಾಲು ಇಂಚು ಮೇಲೆ ಕೂತಿದೆ. ಬಾಯನ್ನು ಅಷ್ಟು ತಗ್ಗಿಸಿ, ಸುತ್ತ ಅಂಗೈಯಗಲ ಜಾಲರಿ ಹಾಕಿ ಮತ್ತೆ ಎರಡು ಕೋಟ್ ಬಳಿದು, ಎಲೆ ತಡೆಯಲು ಗುಮ್ಮಟದ ಜಾಲರಿ ಮುಚ್ಚಳ ಕೂರಿಸಿದ್ದಾಯಿತು. ಆ ಫೋಟೋವೂ ತಾರೀಖಿನೊಂದಿಗೆ ಫೈಲಿಗೆ ಸೇರಿದೆ.